ರಬ್ಬರ್ ನಳಿಕೆಯೊಳಗಿನ ಗುಂಡು

"ಕೈ ಹಚ್ಚಬ್ಯಾಡ್ರಿ ಕೊರಗಣ್ಣಾ," ಎಂದಳು ರುದ್ರವ್ವ. "ದೂರ ನಿಂತು ತೋರಸ್ರಿ, ಸಾಕು. ಹಚ್ಚೂದು ನನ್ನ ಕೆಲಸ."

ಕೊರಗ ಚಾಚಿದ್ದ ಕೈಯನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡ. ಬೈಕುಲ್ಲಾದ ಗ್ಯಾರೇಜಿನಲ್ಲಿ ಒಂದು ಆಯುಷ್ಯವನ್ನೇ ಕಳೆದವನು ಅವನು. ತೆರೆದ ಬಾನೆಟ್ಟಿನ ಮುಂದೆ ಸುಮ್ಮನೆ ನಿಲ್ಲುವುದು ಅವನಿಗೆ ಗೊತ್ತಿರಲಿಲ್ಲ. ಕೈಗಳು ಬೆನ್ನ ಹಿಂದೆಯೂ ಒಂದನ್ನೊಂದು ತಿರುಚುತ್ತಲೇ ಇದ್ದವು.

ಚೆಂಬೂರಿನ ಪೊಲೀಸ್ ಠಾಣೆಯ ಹಿತ್ತಿಲು. ಜಪ್ತಿಯಾದ ಸ್ಕೂಟರುಗಳು, ಚಕ್ರವಿಲ್ಲದ ಎರಡು ರಿಕ್ಷಾಗಳು, ಅವುಗಳ ನಡುವೆ ಆ ಕೆಂಪು ಕಾರು. ಕೆಂಪು ಎನ್ನುವುದು ಈಗ ಹಿಂಬದಿಯಲ್ಲಿ ಮಾತ್ರ ಉಳಿದಿತ್ತು. ಮುಂಭಾಗ ಸುಟ್ಟು ಕಪ್ಪಾಗಿತ್ತು. ರಿಫೈನರಿ ಕಡೆಯಿಂದ ಬಂದ ಗಾಳಿಗೂ ಸುಟ್ಟ ವಾಸನೆಯೇ ಇತ್ತು.

ಹೋದ ವಾರ ಬೆಳಗಿನ ಜಾವ ಫ್ರೀವೇಯ ಇಳಿಜಾರಿನಲ್ಲಿ ಈ ಕಾರಿನ ಎಂಜಿನ್ ಒಡೆದು ಬೆಂಕಿ ಹತ್ತಿತ್ತು. ರಸ್ತೆ ಬದಿಯಲ್ಲಿ ಬಿದ್ದಿದ್ದ ಹಿತೇಶ್‌ನನ್ನು ಹಾಲಿನ ಟೆಂಪೋದವನೊಬ್ಬ ಎತ್ತಿ ಆಸ್ಪತ್ರೆಗೆ ತಂದು ಹಾಕಿದ್ದ. ಅಂದಿನಿಂದ ಹಿತೇಶ್ ಕಣ್ಣು ಬಿಟ್ಟಿರಲಿಲ್ಲ. ಎಂಜಿನ್ನಿಗೆ ಹೊಸ ಭಾಗ ಹಾಕಿದ ಕೊರಗನೇ ಇದಕ್ಕೆ ಹೊಣೆ ಎಂದು ಹಿತೇಶನ ತಾಯಿ ಪ್ರಫುಲ್ಲಾ ದೂರು ಕೊಟ್ಟಿದ್ದರು. ದೂರು ಸಾಲದೆಂದು ತನಿಖೆಗೆ ರುದ್ರವ್ವನನ್ನೂ ಗೊತ್ತುಮಾಡಿದ್ದರು.

ರುದ್ರವ್ವ ಬಿರಾದಾರ ಮುಂಬೈ ಪೊಲೀಸಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ಸ್ವಯಂ ನಿವೃತ್ತಿ ತೆಗೆದುಕೊಂಡು ಖಾಸಗಿ ತನಿಖೆ ಮಾಡುತ್ತಿದ್ದಳು. ಈ ಠಾಣೆಯ ಇನ್‌ಸ್ಪೆಕ್ಟರ್ ಹಿಂದೆ ಅವಳ ಕೈಕೆಳಗೆ ಕಲಿತವನು. ಅದೇ ಸಲಿಗೆಯಲ್ಲಿ ಇವತ್ತು ಗೇಟು ತೆರೆದಿತ್ತು. ಕಾವಲಿಗೆಂದು ಒಬ್ಬ ಹವಾಲ್ದಾರ ನೆರಳಿನಲ್ಲಿ ಕೂತು ತಂಬಾಕು ತಿಕ್ಕುತ್ತಿದ್ದ.

"ಹುಡುಗ ನಿಮ್ಮ ಕಡೆ ಬಂದು ಏನು ಕೇಳಿದ್ದಾರಿ?"

"ಎಂತ ಕೇಳಿದ್ದು ಅಂದ್ರೆ..." ಕೊರಗ ಕಾರಿನ ಕಡೆ ತಿರುಗಿದ. "ಇದು ಅವನ ಅಪ್ಪನ ಗಾಡಿ ಅಕ್ಕ. ಇಪ್ಪತ್ತು ವರ್ಷದ ಹಿಂದೆ ಶೋರೂಮಿನಿಂದ ಸೀದಾ ನನ್ನ ಗ್ಯಾರೇಜಿಗೆ ತಂದು ತೋರಿಸಿದ್ರು. ಅವರು ತೀರಿಹೋದ ಮೇಲೆ ಹೋಟೆಲಿನ ಹಿಂದೆ ಮುಚ್ಚಿಟ್ಟಿದ್ದರು. ಹಿತೇಶ್ ಬಂದು, 'ಕೊರಗಣ್ಣ, ರೇಸ್ ಎಲ್ಲ ಬೇಡ. ಸಿಗ್ನಲಿನಲ್ಲಿ ನಿಂತು ಹೊರಡುವಾಗ ಒದ್ದಾಡಬಾರದು, ಘಾಟಿ ಹತ್ತುವಾಗ ಬಿಸಿ ಆಗಬಾರದು. ದಿನಾ ಓಡಿಸ್ಲಿಕ್ಕೆ ಆಗುವ ಹಾಗೆ ಮಾಡಿಕೊಡು' ಅಂದ. ಅಷ್ಟೇ."

"ಮತ್ತ ನೀವು?"

"ಮೊದಲು ಬ್ರೇಕು. ಮತ್ತೆ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್, ದೊಡ್ಡದು. ಕ್ಲಚ್ಚು. ಕೊನೆಗೆ ಟರ್ಬೊ. ಹಳೇದು ಎಣ್ಣೆ ಕುಡೀತಿತ್ತು, ತೆಗೆದು ಹೊಸತು ಹಾಕಿದೆ. ತುಂಬಾ ದೊಡ್ಡದಲ್ಲ, ಬೇಗ ತಿರುಗುವಂಥದ್ದು. ಊರೊಳಗೆ ಓಡಿಸ್ಲಿಕ್ಕೆ ಅದೇ ಸರಿ."

"ಒಡೆದದ್ದು ಯಾವುದು?"

"ರಾಡು." ಅವನು ಎಂಜಿನ್ನಿನ ಪಕ್ಕೆಯಲ್ಲಿದ್ದ ತೂತನ್ನು ಗಲ್ಲದಿಂದಲೇ ತೋರಿಸಿದ. "ಪಿಸ್ಟನ್ನನ್ನು ಹಿಡಿದಿರುವ ರಾಡು. ಅದು ಮಾತ್ರ ಹಳೇದು. ಗಟ್ಟಿ ರಾಡಿಗೆ ಹೊರದೇಶಕ್ಕೆ ಬರೆದಿದ್ದೆ, ಬರುವುದು ತಡ ಆಯಿತು. ಅದಕ್ಕೇ ಗಾಳಿಯ ಒತ್ತಡ ಕಡಿಮೆ ಇಟ್ಟು ಕೊಟ್ಟದ್ದು. ಆ ಒತ್ತಡಕ್ಕೆ ಹಳೇ ರಾಡು ಇನ್ನೂ ಹತ್ತು ವರ್ಷ ಬಾಳ್ತಿತ್ತು." ಸ್ವಲ್ಪ ತಡೆದು ಸೇರಿಸಿದ: "ಹೊಸ ರಾಡು ಮೊನ್ನೆ ಬಂತು ಅಕ್ಕ. ಡಬ್ಬ ಒಡೀಲಿಕ್ಕೆ ಮನಸ್ಸೇ ಬರಲಿಲ್ಲ."

ರುದ್ರವ್ವ ಕೈಗವಸು ಹಾಕಿಕೊಂಡು ಬಗ್ಗಿದಳು. ಮೊಣಕಾಲು ಚುಳ್ಳೆಂದಿತು. ಇಂಥ ಎಷ್ಟು ಸುಟ್ಟ ಗಾಡಿಗಳ ಮುಂದೆ ಹೀಗೆ ಬಗ್ಗಿದ್ದಾಳೋ. ಪ್ರತಿ ಗಾಡಿಯ ಹಿಂದೆಯೂ ಯಾರೋ ಒಬ್ಬ ತಾಯಿ, ಯಾರೋ ಒಬ್ಬ ಹೆಂಡತಿ, ಯಾರ ತಪ್ಪು ಎಂಬ, ಒಂದು ಸಲವೂ ಬದಲಾಗದ ಆ ಪ್ರಶ್ನೆ. ನಿಜ ಹೇಳಬೇಕೆಂದರೆ, ಕೊರಗನ ತಪ್ಪೆಂದು ಎರಡು ಸಾಲು ಬರೆದುಕೊಟ್ಟು ಮನೆಗೆ ಹೋಗಿ ಕಾಲು ಚಾಚಿ ಮಲಗಬೇಕೆಂದು ಅವಳಿಗೆ ಬೆಳಿಗ್ಗೆಯಿಂದ ಅನ್ನಿಸುತ್ತಿತ್ತು.

ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಹಿಂಬದಿಯ ಕಡೆ ಬೆಂಕಿ ಜೋರಾಗಿ ಉರಿದಿತ್ತು. ಮುಂದಿನ ಪೈಪುಗಳು ಅಲ್ಲಲ್ಲಿ ಉಳಿದಿದ್ದವು. ಅವಳು ಒಂದೊಂದನ್ನೇ ಬೆರಳುಗಳ ನಡುವೆ ಹಿಡಿದು ಒತ್ತುತ್ತ ಬಂದಳು. ಕಿರುಬೆರಳಿಗಿಂತ ತೆಳ್ಳಗಿನ ಒಂದು ರಬ್ಬರ್ ನಳಿಕೆಯ ಹತ್ತಿರ ಬೆರಳು ನಿಂತಿತು.

ಒಳಗೆ ಏನೋ ಗಟ್ಟಿಯಾಗಿತ್ತು, ಕಡಲೆಕಾಳಿನಷ್ಟು.

"ಕೊರಗಣ್ಣ, ಈ ನಳಿಗಿ ಒಳಗ ಏನರ ಇರಬೇಕೇನ್ರಿ?"

"ಯಾವುದರಲ್ಲಿ?" ಅವನು ಇಣುಕಿದ. "ಅದರಲ್ಲಾ? ಗಾಳಿ ಬಿಟ್ಟು ಎಂತದ್ದೂ ಇರಬಾರದು."

"ಐತಿ."

ಕೊರಗ ಪಕ್ಕದ ರಿಕ್ಷಾದ ಕಂಬಿ ಹಿಡಿದುಕೊಂಡ.

ಹವಾಲ್ದಾರನನ್ನು ಕರೆದು, ಹೊರಗಿನ ಚಹಾದಂಗಡಿಯಿಂದ ಇಬ್ಬರು ಪಂಚರನ್ನು ಕರೆಸಿ, ಫೋಟೋ ತೆಗೆಸಿ, ಆಮೇಲೆ ರುದ್ರವ್ವ ನಳಿಕೆಯನ್ನು ಉದ್ದಕ್ಕೆ ಸೀಳಿಸಿದಳು. ಉಕ್ಕಿನ ಪುಟ್ಟ ಗುಂಡೊಂದು ಉರುಳಿ ಹವಾಲ್ದಾರನ ಅಂಗೈಗೆ ಬಿತ್ತು. ಬೆಂಕಿಯ ಮಸಿ ಅದಕ್ಕೆ ತಾಗಿರಲೇ ಇಲ್ಲ. ಬಿಸಿಲಿಗೆ ಹೊಳೆಯಿತು.

"ಬೇರಿಂಗಿನ ಛರ್ರಾ," ಎಂದ ಹವಾಲ್ದಾರ.

"ನನಗ ತಿಳಿಯೂ ಹಾಂಗ ಹೇಳ್ರಿ," ಎಂದಳು ರುದ್ರವ್ವ, ಸಿಮೆಂಟು ಕಟ್ಟೆಯ ಮೇಲೆ ಕೂರುತ್ತ. "ಇದರಿಂದ ಏನಾಗತೈತಿ?"

ಕೊರಗ ನಿಧಾನವಾಗಿ ಹೇಳಿದ. "ಟರ್ಬೊ ಅಂದ್ರೆ ಒಂದು ಫ್ಯಾನು ಅಕ್ಕ. ಹೊಗೆಯ ರಭಸಕ್ಕೆ ತಿರುಗ್ತದೆ, ಎಂಜಿನ್ನಿಗೆ ಗಾಳಿ ತುಂಬ್ತದೆ. ತುಂಬಿದ್ದು ಜಾಸ್ತಿ ಆಯಿತು ಅಂದ್ರೆ ಹೊಗೆಯನ್ನು ಪಕ್ಕಕ್ಕೆ ಬಿಡ್ಲಿಕ್ಕೆ ಒಂದು ಸಣ್ಣ ಬಾಗಿಲು ಉಂಟು. ಆ ಬಾಗಿಲಿಗೆ ಸುದ್ದಿ ಮುಟ್ಟಿಸುವುದು ಈ ಪೈಪು. ಇದನ್ನು ಮುಚ್ಚಿದರೆ ಬಾಗಿಲು ತೆರೆಯುವುದೇ ಇಲ್ಲ. ಫ್ಯಾನು ತಿರುಗ್ತಾನೇ ಹೋಗ್ತದೆ, ಗಾಳಿ ತುಂಬ್ತಾನೇ ಹೋಗ್ತದೆ. ಹಳೇ ರಾಡು ಎಷ್ಟು ತಡೀತದೆ? ಬಗ್ಗಿ, ತುಂಡಾಗಿ, ಎಂಜಿನ್ ಒಡೆದು ಹೊರಗೆ ಬರ್ತದೆ. ಎಣ್ಣೆ ಕೆಂಪಗೆ ಕಾದ ಟರ್ಬೊ ಮೇಲೆ ಬೀಳ್ತದೆ."

"ಗಾಡಿ ಚಾಲೂ ಮಾಡಿದ ಕೂಡಲೇ ಒಡೀತಿತ್ತೇನು?"

"ಇಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಬೇಕು. ಚೆಂಬೂರಿನ ಟ್ರಾಫಿಕ್ಕಿನಲ್ಲಿ ಪೂರ್ತಿ ಒತ್ತಲಿಕ್ಕೆ ಜಾಗ ಎಲ್ಲುಂಟು? ಖಾಲಿ ರಸ್ತೆ ಸಿಗಬೇಕು."

ಅಂದರೆ ಗುಂಡು ಇಟ್ಟವರಿಗೆ ಅವಸರವಿರಲಿಲ್ಲ. ಖಾಲಿ ರಸ್ತೆ ಸಿಗುವವರೆಗೆ ಆ ಗುಂಡು ಅಲ್ಲೇ ಕೂತು ಕಾದಿತ್ತು.

"ಗಾಡಿ ನಿಮ್ಮಿಂದ ಹೋದ ಮ್ಯಾಲೆ ಹಿತೇಶ್ ಬಿಟ್ಟು ಯಾರರ ಹೊಡದಾರೇನು?"

"ಅವನ ದೋಸ್ತ್ ಸೃಜನ್ ಒಂದು ಮಧ್ಯಾಹ್ನ ತೆಗೊಂಡು ಹೋಗಿದ್ದನಂತೆ. ಹಿತೇಶ್ ಫೋನಿನಲ್ಲಿ ನನ್ನ ಹತ್ತಿರ ಬೈದುಕೊಂಡಿದ್ದ."

*

ಪ್ರಫುಲ್ಲಾ ಅವರ ಹೋಟೆಲು ಸ್ಟೇಷನ್ನಿನಿಂದ ನಾಲ್ಕು ಹೆಜ್ಜೆ. ಮಧ್ಯಾಹ್ನದ ಊಟದ ಗದ್ದಲ ಇಳಿದು, ಸಂಜೆಯ ಇಡ್ಲಿ ವಡೆಗೆ ಇನ್ನೂ ಹೊತ್ತಿತ್ತು. ಗಲ್ಲಾದ ಹಿಂದಿನ ಗೋಡೆಗೆ ಗಂಡನ ಫೋಟೋ, ಅದರ ಕೆಳಗೆ ಹೆಂಡತಿ. ಮಗ ಆಸ್ಪತ್ರೆಯಲ್ಲಿದ್ದರೂ ಹೋಟೆಲಿಗೆ ಒಂದು ದಿನವೂ ಬಾಗಿಲು ಹಾಕಿರಲಿಲ್ಲ.

"ಕೂತುಕೊಳ್ಳಿ ರುದ್ರವ್ವನವರೇ. ಕಾಪಿ ತರಿಸ್ತೇನೆ. ಆ ಕೊರಗನನ್ನು ಯಾವಾಗ ಒಳಗೆ ಹಾಕ್ತಾರೆ?"

"ಹಾಕೂದಿಲ್ಲ ಅಕ್ಕಾರ."

ಗುಂಡಿನ ಸಂಗತಿಯನ್ನು ರುದ್ರವ್ವ ಹೇಳಿದಳು. ಹೇಳುವಾಗ ಎದುರಿನವರ ಮುಖ ನೋಡುವುದು ಹಳೆಯ ಚಾಳಿ. ಪ್ರಫುಲ್ಲಾ ಅಳಲಿಲ್ಲ, ಕೂಗಲಿಲ್ಲ. ಗಿರಾಕಿಯೊಬ್ಬ ಚಿಲ್ಲರೆಗೆ ಕೈ ಚಾಚಿ ನಿಂತಿದ್ದ. ಅವನನ್ನು ಅವರು ಕಾಣಲೇ ಇಲ್ಲ.

"ಪೈಪಿನ ಒಳಗೆ," ಎಂದರು ಕೊನೆಗೆ.

"ಹೌದ್ರಿ. ಬೇಕಂತಲೇ ಇಟ್ಟಾರ. ನಿಮ್ಮ ಮಗನ ಮ್ಯಾಲೆ ಯಾರಿಗರ ಸಿಟ್ಟು ಇತ್ತೇನು?"

"ಮಗನ ಮೇಲಾ?" ಪ್ರಫುಲ್ಲಾ ಅವಳನ್ನೇ ನೋಡಿದರು. "ಅವನ ಮೇಲೆ ಯಾರಿಗೆ ಸಿಟ್ಟು ಇರ್ತದೆ? ಒಂದು ಇರುವೆಗೂ ಕೇಡು ಬಗೆಯದ ಹುಡುಗ."

"ಅವತ್ತು ಅಷ್ಟು ನಸುಕಿನ್ಯಾಗ ಎಲ್ಲಿಗೆ ಹೊಂಟಿದ್ದಾರಿ?"

"ನನಗೆ ಗೊತ್ತಿಲ್ಲ ಅಂತ ಆವತ್ತೇ ಹೇಳಿದ್ದೇನಲ್ಲ. ನಾನು ಇಲ್ಲಿ ಹಿಟ್ಟು ರುಬ್ಬಿಸ್ತಾ ಇದ್ದೆ." ಅವರು ಎದ್ದರು. "ಕಾಪಿ ಕುಡಿದು ಹೋಗಿ. ನಾನು ಆಸ್ಪತ್ರೆಗೆ ಹೋಗಿ ಬರ್ತೇನೆ. ನಿಖಿತಾ ಬೆಳಿಗ್ಗೆಯಿಂದ ಒಬ್ಬಳೇ ಇದ್ದಾಳೆ."

ನಿಖಿತಾ ಎಂದರೆ ಸೊಸೆ. ಸೊಸೆಯ ಆಯಾಸದ ಬಗ್ಗೆ ಈ ಅತ್ತೆ ಮಾತಾಡಿದ್ದನ್ನು ರುದ್ರವ್ವ ಕೇಳಿದ್ದು ಇದೇ ಮೊದಲು. ಕಾಪಿ ಬಂತು. ಪ್ರಫುಲ್ಲಾ ಆಗಲೇ ರಿಕ್ಷಾ ಹತ್ತಿದ್ದರು.

*

ಚೆಂಬೂರಿನಿಂದ ಕುರ್ಲಾ, ಕುರ್ಲಾದಿಂದ ದಾದರ್, ದಾದರಿನಲ್ಲಿ ಸೇತುವೆ ಹತ್ತಿ ಇಳಿದು ವಿಲೆ ಪಾರ್ಲೆ. ಮೂರು ಲೋಕಲ್ ಬದಲಿಸುವಷ್ಟರಲ್ಲಿ ರುದ್ರವ್ವನ ಮೊಣಕಾಲು ಊದಿಕೊಂಡಿತ್ತು. ಕೂರಲು ಜಾಗ ಸಿಕ್ಕಿದ್ದು ಇಳಿಯುವುದಕ್ಕೆ ಒಂದೇ ಸ್ಟೇಷನ್ ಮೊದಲು.

ಸೃಜನ್‌ನ ಅಂಗಡಿಯಲ್ಲಿ ಕಾರಿನ ಸೀಟು ಕವರು, ದೀಪ, ಹಾರ್ನು ಮಾರುತ್ತಿದ್ದರು. ಅದು ಹೊಟ್ಟೆಪಾಡು. ಅವನ ನಿಜವಾದ ಹುಚ್ಚು ಗೋಡೆಯ ಮೇಲಿತ್ತು: ಕ್ಯಾಮೆರಾ, ದುಂಡು ದೀಪ, ಕಾರುಗಳ ಬಗ್ಗೆ ತಾನು ನಡೆಸುವ ವಿಡಿಯೋ ಚಾನೆಲ್ಲಿನ ಹೆಸರು ಬರೆದ ದೊಡ್ಡ ಫಲಕ. ಮೂವತ್ತು ದಾಟದ ಹುಡುಗ. ಅಪ್ಪ ಅಮ್ಮ ಉಡುಪಿ ಕಡೆಯವರು. ಅವನು ಹುಟ್ಟಿ ಬೆಳೆದದ್ದು ಇದೇ ಪಾರ್ಲೆಯಲ್ಲಿ.

ರುದ್ರವ್ವ ಸ್ಟೂಲಿನ ಮೇಲೆ ಕೂತಳು. ಚಪ್ಪಲಿ ಕಳಚಿ ಪಾದ ನೆಲಕ್ಕೆ ಊರಿದಳು.

"ಷಟರ್ ಅರ್ಧ ಎಳಿಯಪಾ."

"ಕ್ಯೋ ಆಂಟಿ? ಈಗ ಧಂದೆ ಟೈಮ್..."

"ಎಳಿ."

ಅವನು ಎಳೆದ.

"ನಾ ಭಾಳ ದಣದೀನಿ ತಮ್ಮಾ. ಇವತ್ತು ಸುಳ್ಳು ಕೇಳಾಕ ನನ್ನ ಕಡೆ ತ್ರಾಣ ಇಲ್ಲ. ನೀ ಒಂದ ಸರ್ತಿ ಹೇಳು, ಖರೇ ಹೇಳು. ಹಿತೇಶನ ಗಾಡಿಗೆ ಏನು ಮಾಡಿದಿ?"

"ನಾನು ಏನೂ ಮಾಡಲಿಲ್ಲ. ಕಸಮ್ ಸೇ."

ರುದ್ರವ್ವ ಸುಮ್ಮನೆ ಅವನನ್ನು ನೋಡುತ್ತ ಕೂತಳು. ಹೊರಗೆ ಸಂಜೆಯ ವಿಮಾನವೊಂದು ಛಾವಣಿ ಅಲುಗುವಂತೆ ಇಳಿಯಿತು. ಅದರ ಸದ್ದು ಅಡಗಿದ ಮೇಲೂ ಅವಳು ಮಾತಾಡಲಿಲ್ಲ. ಈ ಮೌನವನ್ನು ತಡೆದುಕೊಂಡ ಗಂಡಸು ಅವಳ ಸರ್ವಿಸಿನಲ್ಲಿ ಬಹಳ ಕಡಿಮೆ.

"ಒಂದು ವಿಡಿಯೋ," ಎಂದ ಸೃಜನ್.

"ಹ್ಞೂಂ."

"ಆ ಗಾಡಿ ನೋಡಿದ್ದೀರಾ ಆಂಟಿ? ಮುಂಬೈಯಲ್ಲಿ ಅಂಥದ್ದು ಎಷ್ಟು ಉಂಟು? ಹಿತೇಶ್ ಅದನ್ನು... ಕ್ಯಾ ಬೋಲೂಂ... ಹಾಲು ತರುವ ಗಾಡಿ ಹಾಗೆ ಮಾಡಿಸಿದ. ಲೋ ಬೂಸ್ಟ್, ಗಾಳಿಯ ಒತ್ತಡ ಕಮ್ಮಿ. 'ಸಿಟಿಯಲ್ಲಿ ಓಡಿಸ್ಲಿಕ್ಕೆ ಸಾಕು' ಅಂತ. ಅದಕ್ಕೇ ಇತ್ನಾ ಝಗಡಾ ಆಯಿತು ನಮ್ಮದು. ನನಗೆ ಒಮ್ಮೆ ನೋಡಬೇಕಿತ್ತು, ಪೂರಾ ತಾಕತ್ತು. ಖಾಲಿ ಏಕ್ ಬಾರ್."

"ಅದಕ್ಕ?"

"ವೇಸ್ಟ್‌ಗೇಟ್‌ನ ಪೈಪು, ಹೊಗೆ ಪಕ್ಕಕ್ಕೆ ಬಿಡುವ ಆ ಬಾಗಿಲಿನ ಪೈಪು, ಬಂದ್ ಮಾಡಿದೆ. ನವಿ ಮುಂಬೈಯ ಹೊಸ ರೋಡಿಗೆ ಹೋಗಿ ಒಂದು ರನ್. ಗಾಡಿ ಚೀಖ್ ಹೊಡೀತು ಆಂಟಿ, ನನಗೇ ಭಯ ಆಯಿತು. ಅಲ್ಲೇ ತೆಗೆದುಬಿಟ್ಟೆ. ಆದರೆ ನಾನು ತೆಗೆದೆ! ಅಮ್ಮನ ಆಣೆ, ತೆಗೆದೆ."

ರುದ್ರವ್ವ ಗುಂಡಿನ ಹೆಸರನ್ನೇ ಎತ್ತಿರಲಿಲ್ಲ. ಅದನ್ನು ಬೇಕೆಂದೇ ಒಳಗಿಟ್ಟುಕೊಂಡಿದ್ದಳು.

"ಯಾವುದರಿಂದ ಬಂದ್ ಮಾಡಿದಿ?"

"ಸ್ಕ್ರೂ."

"ಸ್ಕ್ರೂ?"

"ಹಾಂ, ಮರಕ್ಕೆ ಹಾಕುವ ಸ್ಕ್ರೂ. ಪೈಪಿನ ಮುಖದಲ್ಲಿ ತಿರುಗಿಸಿದ್ರೆ ಸಾಕು. ದಿಖಾವೂಂ?"

ಅವನು ಫೋನು ಹಚ್ಚಿದ. ಪುಟ್ಟ ಪರದೆಯ ಮೇಲೆ ಕೆಂಪು ಕಾರು ಇಡಿಯಾಗಿ, ಹೊಳೆಯುತ್ತ ನಿಂತಿತ್ತು. ಸೃಜನ್ ಬಾನೆಟ್ಟಿನೊಳಗೆ ಬಗ್ಗಿ ಅದೇ ನಳಿಕೆಯನ್ನು ಕಿತ್ತು, ಕ್ಯಾಮೆರಾಕ್ಕೆ ತೋರಿಸಿ, ನಳಿಕೆಯ ಬಾಯಿಗೆ ಸ್ಕ್ರೂ ತಿರುಗಿಸಿದ. ಆಮೇಲೆ ರಸ್ತೆ, ಎಂಜಿನ್ನಿನ ಕೂಗು, ಸೃಜನ್‌ನ ಬಿಳಿಚಿದ ಮುಖ. ಕೊನೆಗೆ ಸ್ಕ್ರೂ ತೆಗೆದು ಬೀಸಾಡಿದ್ದು, ನಳಿಕೆಯಲ್ಲಿ ಊದಿ ಖಾಲಿಯಿದೆಯೆಂದು ತೋರಿಸಿದ್ದು, ಮತ್ತೆ ಜೋಡಿಸಿದ್ದು.

ಹುಡುಗ ಹೇಳಿದ್ದು ನಿಜ. ಅವನು ತೆಗೆದಿದ್ದ. ತೆಗೆದ ಮೇಲೆ ಇನ್ನಾರೋ ಉಕ್ಕಿನ ಗುಂಡು ಇಟ್ಟಿದ್ದರು. ಸ್ಕ್ರೂ ಆಗಿದ್ದರೆ ಹೊರಗಿನಿಂದ ಕಾಣುತ್ತಿತ್ತು. ಗುಂಡು ಕಾಣುವುದಿಲ್ಲ. ಇಟ್ಟವರು ಸೃಜನ್‌ಗಿಂತ ತಣ್ಣನೆಯ ತಲೆಯವರು.

"ಇದನ್ನ ಯಾರ್ಯಾರು ನೋಡ್ಯಾರ?"

"ಅಪ್‌ಲೋಡೇ ಮಾಡಲಿಲ್ಲ. ಹಿತೇಶ್‌ಗೆ ಗೊತ್ತಾಗಿ ಗಲಾಟೆ ಮಾಡಿದ. ಡಿಲೀಟ್ ಮಾಡು ಅಂದ." ಸೃಜನ್‌ನ ಕಣ್ಣು ತುಂಬಿತು. "ಉಸ್ಕೇ ಬಾದ್ ನಮ್ಮೊಳಗೆ ಮಾತೇ ಇಲ್ಲ. ಈಗ ಅವನು ಹಾಗೆ ಮಲಗಿದ್ದಾನೆ."

ರುದ್ರವ್ವ ವಿಡಿಯೋವನ್ನು ಮತ್ತೆ ಮೊದಲಿನಿಂದ ಓಡಿಸಿದಳು. ಕ್ಯಾಮೆರಾ ಒಂದೆಡೆ ನಿಂತಿರಲಿಲ್ಲ. ಸೃಜನ್‌ನ ಕೈಯನ್ನೇ ಹಿಂಬಾಲಿಸುತ್ತಿತ್ತು, ಹತ್ತಿರ ಹೋಗುತ್ತಿತ್ತು, ಹಿಂದೆ ಸರಿಯುತ್ತಿತ್ತು.

"ಸೃಜನ್, ಇದನ್ನ ಹಿಡದವರು ಯಾರು?"

ಹುಡುಗ ತಲೆ ತಗ್ಗಿಸಿದ.

"ಒಂದ ಸರ್ತಿ ಅಂದೀನಿ."

"ಭಾಭಿ," ಎಂದ ಅವನು. "ನಿಖಿತಾ ಭಾಭಿ. ಪ್ಲೀಸ್ ಆಂಟಿ, ಪ್ರಫುಲ್ಲಾ ಆಂಟಿಗೆ ಹೇಳಬೇಡಿ. ಗಲತ್ ಏನೂ ಇಲ್ಲ. ಭಾಭಿಗೆ ಆ ಹೋಟೆಲಿನಲ್ಲಿ ಉಸಿರು ಕಟ್ತಿತ್ತು, ಒಂದು ದಿನ ಹೊರಗೆ ಬರ್ತೇನೆ ಅಂದ್ರು, ಬಸ್. ಅವರು ಕೇಳಿದ್ರು, ಇದು ಹೇಗೆ ಕೆಲಸ ಮಾಡ್ತದೆ, ಬಂದ್ ಆದ್ರೆ ಏನಾಗ್ತದೆ ಅಂತ. ನಾನು ಹೇಳಿದೆ."

"ಎಲ್ಲಾ ಹೇಳಿದಿ?"

"ಹಾಂ. ಎಲ್ಲ."

ರುದ್ರವ್ವ ಬಗ್ಗಿ ಚಪ್ಪಲಿಗಾಗಿ ಕಾಲಿನಿಂದ ತಡಕಾಡಿದಳು. ಇಪ್ಪತ್ತಾರರ ಆ ಹುಡುಗಿ ಆಸ್ಪತ್ರೆಯ ಬೆಂಚಿನ ಮೇಲೆ ಎರಡೂ ಕೈ ಮಡಿಲಲ್ಲಿಟ್ಟು ಕೂತಿದ್ದು ಕಣ್ಣ ಮುಂದೆ ಬಂತು. ಗಂಡನನ್ನು ಕೊಲ್ಲುವ ಮುಖವೇ ಅದು? ಹೌದೆನ್ನಲು ಮನಸ್ಸು ಒಪ್ಪಲಿಲ್ಲ, ಅಲ್ಲವೆನ್ನಲು ಅನುಭವ ಬಿಡಲಿಲ್ಲ.

ಅಷ್ಟರಲ್ಲಿ ಅವಳ ಫೋನು ಗುನುಗಿತು. ಪರದೆಯ ಮೇಲೆ ಅದೇ ಹೆಸರು. ನಿಖಿತಾ.

"ಮೇಡಂ," ಎಂದು ಪಿಸುಗುಟ್ಟಿತು ದನಿ. "ಇವರಿಗೆ ಎಚ್ಚರ ಆಯಿತು. ಈಗಷ್ಟೇ. ಡಾಕ್ಟರು ಒಳಗಿದ್ದಾರೆ."

"ಛಲೋ ಆತು ತಂಗಿ. ಏನರ ಮಾತಾಡಿದನೇನು?"

"ಮಾತಾಡಿದ್ರು." ನಿಖಿತಾ ಬಿಕ್ಕಿದಳು. "ಮೊದಲು ಕೇಳಿದ್ದೇ, 'ಅಮ್ಮ ಹೇಗಿದ್ದಾರೆ' ಅಂತ. ಅತ್ತೆಗೆ ಎಂತ ಆಗಿದೆ, ಚೆನ್ನಾಗಿದ್ದಾರೆ ಅಂದೆ. ಅದಕ್ಕೆ ಅವರು... ಮೇಡಂ, ಆವತ್ತು ಗಾಡಿ ಓಡಿಸ್ತಾ ಇದ್ದದ್ದು ಇವರಲ್ಲ. ಅತ್ತೆ. ಯಾವಾಗಲೂ ಆ ಹೊತ್ತಿಗೆ ಗಾಡಿ ತೆಗೀತಿದ್ದದ್ದು ಅತ್ತೆಯೇ ಅಂತೆ. ಆವತ್ತೊಂದು ದಿನ ಇವರು ಪಕ್ಕದಲ್ಲಿ ಕೂತುಕೊಂಡು ಹೋಗಿದ್ದಂತೆ."

ಹಿಟ್ಟು ರುಬ್ಬಿಸುತ್ತಿದ್ದೆ ಎಂದವರೇ ಗಾಡಿ ಓಡಿಸಿದ್ದರು; ಮಗನನ್ನು ರಸ್ತೆ ಬದಿಯಲ್ಲಿ ಬಿಟ್ಟು ಏಕೆ ಹೋದರೋ. ಗುಂಡು ಕಾದಿದ್ದು ಹಿತೇಶ್‌ಗಾಗಿ ಅಲ್ಲ, ಅವರಿಗಾಗಿ.

"ನಿಖಿತಾ, ನಿಮ್ಮ ಅತ್ತಿ ಈಗ ಎಲ್ಲಿದ್ದಾರ?"

ಫೋನು ಕೈ ಬದಲಾದ ಸದ್ದು. ಆಮೇಲೆ ಪ್ರಫುಲ್ಲಾ ಅವರ ದನಿ, ಗಲ್ಲಾದಲ್ಲಿ ಕೂತು ಮಾತಾಡಿದಷ್ಟೇ ಸಮಾಧಾನವಾಗಿ.

"ರುದ್ರವ್ವನವರೇ, ನೀವು ತುಂಬಾ ತಿರುಗಾಡಿ ಸುಸ್ತಾಗಿದ್ದೀರಿ. ಸಾಕು ಇನ್ನು. ದೂರು ವಾಪಸು ತೆಗೊಳ್ತೇನೆ. ಕೊರಗನಿಗೂ ಹೇಳಿ, ತಪ್ಪಾಯಿತು ಅಂತ."

"ನಾ ಹುಡುಕೂದು ಬಿಡಬಹುದ್ರಿ ಅಕ್ಕಾರ. ಗುಂಡು ಇಟ್ಟವರು ಬಿಡತಾರೇನ್ರಿ?"

ಆ ಕಡೆ ಆಸ್ಪತ್ರೆಯ ಲಿಫ್ಟಿನ ಗಂಟೆ ಸದ್ದಾಯಿತು.

"ಇಟ್ಟದ್ದು ಯಾರೆಂದು ನನಗೆ ಮಧ್ಯಾಹ್ನವೇ ಗೊತ್ತಾಯಿತು," ಎಂದರು ಪ್ರಫುಲ್ಲಾ. "ನಾನು ನಸುಕಿನಲ್ಲಿ ಗಾಡಿ ತೆಗೆಯುವುದು ಮನೆಯವರಿಗೆ ಬಿಟ್ಟು ಬೇರೆ ಯಾರಿಗೆ ಗೊತ್ತುಂಟು? ಅವರನ್ನು ನಾನು ಕರೆದುಕೊಂಡು ಹೋಗ್ತೇನೆ. ಬಾ ನಿಖಿತಾ."

ಫೋನು ಕಟ್ಟಾಯಿತು. ರುದ್ರವ್ವ ಮತ್ತೆ ಫೋನು ಹಚ್ಚಿದಳು. ಪ್ರಫುಲ್ಲಾ ಅವರ ಫೋನು ಸ್ವಿಚ್ ಆಫ್ ಆಗಿತ್ತು. ನಿಖಿತಾಳ ಫೋನು ಮಾತ್ರ ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ.